ಐದನೆಯ ಫೋಟೊ

“ಈ ಫೋಟೊದಾಗ ಏನೈತಿ, ಸ್ವಲ್ಪ ನೋಡಿ ಹೇಳ್ತೀರೇನ್ರಿ?”

ಮುದ್ದೇಬಿಹಾಳ ಬಸ್‌ಸ್ಟ್ಯಾಂಡಿನ ಎದುರಿಗಿದ್ದ ತನ್ನ ಆನ್‌ಲೈನ್ ಸೆಂಟರಿನಲ್ಲಿ ವಿಜಯಲಕ್ಷ್ಮಿ ಯಾರದೋ ಅರ್ಜಿ ತುಂಬುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು: “ಫೋನ್ ನಿಮ್ಮ ಕೈಯಾಗ ಐತಲ್ಲರಿ. ನೀವ ನೋಡ್ರಿ.”

“ನೋಡಾಕ ಬರ್ತಿದ್ರ ನಿಮ್ಮ ಕಡಿ ಯಾಕ ಬರ್ತಿದ್ದೆ?”

ಆ ದನಿಯಲ್ಲಿ ಸಿಟ್ಟಿರಲಿಲ್ಲ, ನಗುವಿತ್ತು. ಅವಳು ತಲೆ ಎತ್ತಿದಳು. ಮೂವತ್ತರ ಆಸುಪಾಸಿನ ಯುವಕ. ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ, ಕಂಕುಳಲ್ಲಿ ಮಡಚಿದ ಬಿಳಿ ಕೋಲು. ಮುಖ ಅವಳಿಂದ ಒಂದು ಗೇಣು ಪಕ್ಕಕ್ಕೆ, ಗೋಡೆಯ ಕಡೆಗೆ ತಿರುಗಿತ್ತು. ಅವಳ ಕಿವಿ ಬಿಸಿಯಾಯಿತು.

“ತಪ್ಪಾತ್ರಿ... ಕೂಡ್ರಿ. ನಿಮ್ಮ ಎಡಕ್ಕ ಕುರ್ಚಿ ಐತಿ.”

“ಇರ್ಲಿ ಬಿಡ್ರಿ. ಬೈಸಿಕೊಂಡು ಛಂದ ಅನಿಸ್ತು. ಈ ಕೋಲು ಕಂಡವರು ಯಾರೂ ನನ್ನ ಬೈಯಂಗಿಲ್ಲ.”

ಅವನ ಹೆಸರು ಅಮಿತ. ಮನೆಯಲ್ಲೇ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದ. ಹಳೆಯ ಹಾರ್ಮೋನಿಯಂ ಕೆಟ್ಟು ಕೂತಿತ್ತು. ಮಕ್ಕಳ ಸಂಗೀತ ಪರೀಕ್ಷೆ ಹತ್ತಿರವಾಗಿತ್ತು. ಆನ್‌ಲೈನ್ ಹರಾಜಿನಲ್ಲಿ ಬಳಸಿದ ಹಾರ್ಮೋನಿಯಂ ಪೆಟ್ಟಿಗೆಯೊಂದಕ್ಕೆ ಬಿಡ್ ಹಾಕಿ ಗೆದ್ದಿದ್ದ. ಬರೆದದ್ದನ್ನೆಲ್ಲ ಅವನ ಫೋನು ಓದಿ ಹೇಳುತ್ತದೆ. ‘ಮೂರು ಸಾಲಿನ ರೀಡು’, ಅಂದರೆ ಸ್ವರ ಹೊರಡಿಸುವ ಪಟ್ಟಿಗಳು ಮೂರು ಸಾಲು, ಎಂದೇ ಓದಿತ್ತು. ಆದರೆ ಪೆಟ್ಟಿಗೆ ಮನೆಗೆ ಬಂದು ಮೊದಲ ಸ್ವರ ಒತ್ತುತ್ತಲೇ ಗೊತ್ತಾಯಿತು: ಎರಡೇ ಸಾಲು. ತಳದ ಗಂಭೀರ ಖರ್ಜದ ದನಿಯೇ ಇಲ್ಲ.

“ಫೋಟೊ ತೋರಿಸಿದ್ರ ನನ್ನ ಫೋನು ‘ಕಟ್ಟಿಗಿ ಪೆಟ್ಟಿಗಿ’ ಅಂತೈತಿ, ಅಷ್ಟ. ಮಾರಿದಾವ ಎಲ್ಲಾ ಫೋಟೊದಾಗ ಐತಿ ಅನ್ನಾಕತ್ತಾನ. ಪೆಟ್ಟಿಗಿ ತೆರೆದ ಫೋಟೊ ಐತೇನು ನೋಡ್ರಿ. ಒಳಗ ಹಿತ್ತಾಳಿ ಪಟ್ಟಿ ಸಾಲಾಗಿ ಇರ್ತಾವ. ಎಷ್ಟು ಸಾಲು ಅದಾವ, ಎಣಿಸ್ರಿ.”

ಒಟ್ಟು ಆರು ಫೋಟೊಗಳಿದ್ದವು. ಐದನೆಯದರಲ್ಲಿ ಮುಚ್ಚಳ ತೆರೆದಿತ್ತು. ಒಂದು, ಎರಡು. ಅಷ್ಟೇ. ಯಾರಿಗಾದರೂ ಕಾಣುವಷ್ಟು ಸ್ಪಷ್ಟವಾಗಿತ್ತು.

ಹೇಳಬೇಕೆಂದು ಬಾಯಿ ತೆರೆದಳು. ಮೇಜಿನ ಅಂಚನ್ನು ಹಿಡಿದಿದ್ದ ಅವನ ಬೆರಳುಗಳನ್ನು ನೋಡಿದಳು. ಕಣ್ಣಿದ್ದವರಿಗೆಲ್ಲ ಕಂಡದ್ದು ನನಗೊಬ್ಬನಿಗೇ ತಪ್ಪಿತು ಎಂದು ಇವನು ಕೊರಗುತ್ತಾನಲ್ಲ ಅನಿಸಿತು.

“ಒಳಗಿಂದು ಏನೂ ಕಾಣಂಗಿಲ್ಲರಿ,” ಎಂದುಬಿಟ್ಟಳು.

ಅವನು ಉಸಿರು ಬಿಟ್ಟ. “ಹಂಗಾರ ಹಂಗ ಬರೀರಿ.”

ಅವಳು ಹಾಗೆಯೇ ಬರೆದು, ಹರಾಜಿನ ಕಂಪನಿಗೆ ದೂರು ಕಳಿಸಿದಳು.

ಉತ್ತರ ಬರುವುದು ಅವನ ಫೋನಿಗೇ. ಆದರೂ ಅವನು ದಿನಾ ಸಂಜೆ ಬಂದು, “ಉತ್ತರ ಬಂತೇನ್ರಿ?” ಎಂದು ಅವಳನ್ನು ಕೇಳುತ್ತಿದ್ದ. ಅವಳೂ ಗಂಭೀರವಾಗಿ, “ಇನ್ನೂ ಇಲ್ಲರಿ” ಎನ್ನುತ್ತಿದ್ದಳು. ಆಮೇಲೆ ಚಹಾ ಬರುತ್ತಿತ್ತು. ಹೊಸ ಮಕ್ಕಳು ಹಾಡುವಾಗ ಯಾವ ಸ್ವರದಲ್ಲಿ ಜಾರಿ ಬೀಳುತ್ತಾರೆಂದು ಅವನು ಹಾಡಿ ತೋರಿಸುತ್ತಿದ್ದ. ಅವಳು ನಕ್ಕೂ ನಕ್ಕೂ ಅರ್ಜಿಯಲ್ಲಿ ಊರಿನ ಹೆಸರನ್ನೇ ತಪ್ಪು ಬರೆಯುತ್ತಿದ್ದಳು.

ಅವನನ್ನು ಎಷ್ಟು ಹೊತ್ತಾದರೂ ನೋಡಬಹುದು, ಅವನಿಗೆ ತಿಳಿಯುವುದಿಲ್ಲ ಎಂದುಕೊಂಡಿದ್ದಳು. ಹುಬ್ಬಿನ ನಡುವಿನ ಸಣ್ಣ ಗಾಯದ ಗುರುತು. ನಗುವ ಮೊದಲು ಬಲಗಡೆ ಮಾತ್ರ ಏಳುವ ತುಟಿಯ ಅಂಚು.

“ನನ್ನ ನೋಡಾಕತ್ತೀರಿ,” ಎಂದ ಅವನು ಒಮ್ಮೆ.

“ಇಲ್ಲಪ್ಪ! ಹ್ಯಾಂಗ ಹೇಳ್ತೀರಿ?”

“ಕೀಬೋರ್ಡಿನ ಸಪ್ಪಳ ನಿಂತು ಭಾಳ ಹೊತ್ತಾತು.”

ಅವಳು ಧಡಧಡ ಏನೇನೋ ಟೈಪ್ ಮಾಡಿದಳು. ಅವನು ಜೋರಾಗಿ ನಕ್ಕ.

ಐದನೆಯ ದಿನ ಅವನು ನಗಲಿಲ್ಲ. ಕುರ್ಚಿಯಲ್ಲಿ ಕೂಡಲೂ ಇಲ್ಲ. ಫೋನನ್ನು ಮೇಜಿನ ಮೇಲಿಟ್ಟು ಒತ್ತಿದ. ಭಾವವಿಲ್ಲದ ಯಂತ್ರದ ದನಿ ಓದತೊಡಗಿತು: “ಐದನೆಯ ಫೋಟೊದಲ್ಲಿ ಎರಡು ಸಾಲುಗಳು ಸ್ಪಷ್ಟವಾಗಿ ಕಾಣುತ್ತವೆ. ಫೋಟೊದಲ್ಲಿ ಕಾಣುವುದಿಲ್ಲ ಎಂಬ ನಿಮ್ಮ ಹೇಳಿಕೆ ಸುಳ್ಳು. ದೂರನ್ನು ತಿರಸ್ಕರಿಸಲಾಗಿದೆ. ಎರಡು ದಿನಗಳ ಒಳಗೆ ಒಮ್ಮೆ ಮೇಲ್ಮನವಿ ಸಲ್ಲಿಸಬಹುದು.”

“ಐದನೇ ಫೋಟೊ ನೀವು ನೋಡಿದ್ರೇನು?”

“ನೋಡಿದ್ದೆರಿ.” ಅವಳು ಕೀಬೋರ್ಡಿನಿಂದ ಕೈ ತೆಗೆದಳು. “ಎರಡ ಸಾಲು ಇದ್ದೂ. ನಿಮಗ ಬ್ಯಾಸರ ಆಗಬಾರದಂತ ಸುಳ್ಳು ಹೇಳಿದೆ.”

ಅವನು ಮೇಜಿನ ಮೇಲಿನ ಫೋನನ್ನು ತೆಗೆದು ಜೇಬಿಗಿಟ್ಟ.

“ಮಾರಿದಾವ ಲಾಭಕ್ಕ ಸುಳ್ಳು ಬರದ. ನೀವು ಕರುಣಾ ಬಂದು ಸುಳ್ಳು ಹೇಳಿದ್ರಿ. ನನಗ ಎರಡೂ ಒಂದರಿ. ನಾ ನಂಬೂದು ಮಾತು ಒಂದನ್ನ.”

ಕೋಲು ಬಿಚ್ಚಿಕೊಂಡು ಹೊರಟುಹೋದ. ಅವನು ರಸ್ತೆ ದಾಟುವುದನ್ನು ಅವಳು ಕಣ್ಣೀರು ತುಂಬಿಕೊಂಡು ನೋಡುತ್ತ ನಿಂತಳು.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯದೆ, ಲ್ಯಾಪ್‌ಟಾಪ್ ಹಿಡಿದು ವಿಚಾರಿಸುತ್ತ ಅವನ ಮನೆಗೇ ಹೋದಳು. ಅವನ ತಾಯಿ ಸಿದ್ದಲಿಂಗವ್ವ ಬಾಗಿಲು ತೆಗೆದು, ಮುಖ ನೋಡಿಯೇ, “ಫೋಟೊದ ಹುಡುಗಿ ಏನವ್ವಾ? ನಿನ್ನೆಯಿಂದ ಉಂಡಿಲ್ಲ ಅವ. ಒಳಗ ಬಾ,” ಎಂದರು.

ಅವಳು ಅವನ ಎದುರು ಕೂತಳು. “ಮೇಲ್ಮನವಿ ಬರದೇನಿ. ಓದ್ತೇನಿ, ಕೇಳ್ರಿ. ತಪ್ಪಿದ್ರ ತಿದ್ದ್ರಿ.”

ಅವನು ಬೇಡವೆನ್ನಲಿಲ್ಲ.

‘ಮೊದಲ ದೂರಿನಲ್ಲಿದ್ದ ಸುಳ್ಳು ಖರೀದಿದಾರರದ್ದಲ್ಲ, ಅದನ್ನು ಬರೆದುಕೊಟ್ಟ ವಿಜಯಲಕ್ಷ್ಮಿ ಎಂಬ ನನ್ನದು. ಫೋಟೊದಲ್ಲಿ ಎರಡು ಸಾಲು ಇರುವುದು ನಿಜ. ವಿವರಣೆಯಲ್ಲಿ ಮೂರು ಎಂದು ಬರೆದಿರುವುದೂ ನಿಜ. ವಸ್ತು ಫೋಟೊಗೂ ಹೊಂದಬೇಕು, ವಿವರಣೆಗೂ ಹೊಂದಬೇಕು ಎಂದು ನಿಮ್ಮ ನಿಯಮವೇ ಹೇಳುತ್ತದೆ. ಒಂದಕ್ಕೆ ಹೊಂದದಿದ್ದರೂ ಕೊಂಡವರು ಅದನ್ನು ಹಿಂತಿರುಗಿಸಬಹುದು. ಖರೀದಿದಾರರು ಅಂಧರು, ಅವರಿಗೆ ಬರಹವೊಂದೇ...’

“ಆ ಸಾಲು ತೆಗೀರಿ,” ಎಂದ ಅಮಿತ.

“ಯಾಕ್ರಿ? ಅದರಿಂದ ನಮ್ಮ ಮಾತಿಗೆ ಬಲ ಬರ್ತೈತಿ.”

“ಕಣ್ಣಿದ್ದಾವ ಓದಿದ್ರೂ ಅದು ಮೂರ ಸಾಲ್ರಿ. ಬರದಿದ್ದನ್ನ ನಂಬಿದೆ ಅಂತಷ್ಟ ಬರೀರಿ. ಅಷ್ಟ ಸಾಕು.”

ಅವಳು ಅಳಿಸಿದಳು. ಅಳಿಸುವಾಗ ಅವಳಿಗೆ ಅವನ ಮೇಲಿದ್ದ ಕರುಣೆಯೂ ಅದರ ಜೊತೆಗೇ ಹೋಯಿತು. ಉಳಿದದ್ದಕ್ಕೆ ಬೇರೆ ಹೆಸರಿತ್ತು.

ಇಬ್ಬರೂ ಸೇರಿ ಪೆಟ್ಟಿಗೆ ತೆರೆದು ವಿಡಿಯೊ ಮಾಡಿದರು. ಅವಳು ಫೋನ್ ಹಿಡಿದಳು, ಅವನು ಒಂದೊಂದೇ ಸ್ವರ ಒತ್ತಿ ಇಲ್ಲದ ಸಾಲನ್ನು ವಿವರಿಸಿದ. ವಾರದೊಳಗೆ ಕಂಪನಿ ತಪ್ಪು ಒಪ್ಪಿಕೊಂಡಿತು. ಪೆಟ್ಟಿಗೆಯನ್ನು ಮನೆಯಿಂದಲೇ ಒಯ್ದರು, ದುಡ್ಡು ಪೂರ್ತಿ ಮರಳಿತು.

ಸಿಂದಗಿಯಲ್ಲಿ ಹಣಮಂತ್ರಾಯ ಎಂಬ ವೃದ್ಧರು ಹಳೆಯ ಹಾರ್ಮೋನಿಯಂ ರಿಪೇರಿ ಮಾಡಿ ಮಾರುತ್ತಾರೆಂದು ವಿಜಯಲಕ್ಷ್ಮಿಯೇ ಪತ್ತೆ ಹಚ್ಚಿದಳು. ಭಾನುವಾರ ಇಬ್ಬರೂ ಹೋದರು. ಅವನು ಕಿವಿ ಕೊಟ್ಟ, ಅವಳು ಕಣ್ಣಿಟ್ಟಳು. ಮೂರು ಸಾಲಿನ ಪೆಟ್ಟಿಗೆಯೊಂದು ಸಿಕ್ಕಿತು. “ಎಡಕ್ಕ ಒಂದು ಸೀಳು ಐತ್ರಿ, ಉಗುರಿನಷ್ಟು,” ಎಂದಳು ಅವಳು. ಹಣಮಂತ್ರಾಯರು ನಕ್ಕರು. “ನಾನೂ ಅದನ್ನ ಹೇಳಾಂವ ಇದ್ದೆ ತಂಗಿ. ನೀ ಮೊದಲ ಹೇಳಿದಿ.”

ತಾಳಿಕೋಟೆ ದಾರಿಯ ಬಸ್ಸಿನಲ್ಲಿ ಪೆಟ್ಟಿಗೆಯನ್ನು ಕಾಲಬುಡದಲ್ಲಿಟ್ಟು ಪಕ್ಕಪಕ್ಕ ಕೂತರು.

“ಹೊರಗ ಏನೈತ್ರಿ?”

“ತೊಗರಿ ಹೂ ಬಿಟ್ಟೈತಿ, ಕಣ್ಣು ಮುಟ್ಟೂತನಾ ಹಳದಿ. ಈಗ ಯಾರೋ ಕಸ ಸುಡಾಕತ್ತಾರ, ಹೊಗಿ ಎದ್ದೈತಿ. ಈಗ ಒಂದು ಎಮ್ಮಿ ನಮ್ಮ ಬಸ್ಸನ್ನ ಭಾಳ ಸಿಟ್ಟಿಲೆ ನೋಡಾಕತ್ತೈತಿ.”

“ಮತ್ತ ನಾನು? ನಾ ಹ್ಯಾಂಗ ಕಾಣ್ತೇನಿ? ಖರೇ ಹೇಳಬೇಕು.”

“ಕಿವಿ ಸ್ವಲ್ಪ ದೊಡ್ಡವು. ಅಂಗಿ ಗುಂಡಿ ಒಂದು ಮ್ಯಾಲ ಕೆಳಗ ಆಗೈತಿ. ಉಳಿದದ್ದು...” ಅವಳು ತಡೆದಳು. “ಉಳಿದದ್ದು ದಿನಾ ನೋಡಿದ್ರೂ ಸಾಕನಿಸಂಗಿಲ್ಲ.”

ಅವನು ಗುಂಡಿಯನ್ನು ಸರಿಮಾಡಿಕೊಳ್ಳಲು ಹೋಗಿ ಮತ್ತೊಂದನ್ನು ಬಿಚ್ಚಿದ.

“ವಿಜಯಲಕ್ಷ್ಮಿ, ಎರಡು ಮಾತು ಅದಾವ. ಒಂದಕ್ಕೊಂದು ಕೂಡಿಸಬ್ಯಾಡ್ರಿ. ಮೊದಲನೇದು, ನಿಮ್ಮ ಉಪಕಾರ ನಾ ಮರಿಯಂಗಿಲ್ಲ. ಪೆಟ್ಟಿಗಿ ದುಡ್ಡಿಗಲ್ಲ. ‘ಸುಳ್ಳು ನನ್ನದು’ ಅಂತ ನಿಮ್ಮ ಹೆಸರು ಹಾಕಿ ಬರದ್ರಲ್ಲ, ಅದಕ್ಕ. ಎಲ್ಲಾರೂ ನನ್ನ ಒಳ್ಳೇದಕ್ಕಂತ ಸುಳ್ಳು ಹೇಳ್ತಾರ. ವಾಪಸ್ ಬಂದು ಖರೇ ಹೇಳಿದವರು ನೀವೊಬ್ರ.”

“ಎರಡನೇದು?”

“ಎರಡನೇದು ಉಪಕಾರಕ್ಕ ಹೇಳೂದಲ್ಲ. ನೀವು ಏನೂ ಮಾಡದಿದ್ರೂ ಹೇಳ್ತಿದ್ದೆ. ಉತ್ತರ ಬಂತೇನ್ರಿ ಅಂತ ಕೇಳಾಕ ದಿನಾ ಯಾಕ ಬರ್ತಿದ್ದೆ ಅಂತ ನಿಮಗ ಗೊತ್ತಿಲ್ಲೇನು? ಮದುವಿ ಆಗ್ತೀರೇನ್ರಿ ನನ್ನ?”

ಅವಳ ಕಣ್ಣು ತುಂಬಿ ಬಂತು. ಒಂದು ಸಣ್ಣ ಸುಳ್ಳಿನಿಂದ ಕಳೆದುಕೊಂಡಿದ್ದನ್ನು ಯಾವ ದೇವರು ಮರಳಿ ಕೈಗಿಟ್ಟನೋ ಎಂದು ಮನಸ್ಸು ಕೈಮುಗಿಯಿತು.

“ಈಗ ನಾ ಅಳಾಕತ್ತೇನಿ,” ಎಂದಳು, ಕಂಡದ್ದನ್ನು ಕಂಡಹಾಗೆ. “ನಗಾಕತ್ತೇನಿ ಸೈತ. ಹೂಂ ಅಂತ ಗೋಣು ಹಾಕಾಕತ್ತೇನಿ.”

ಬಲಗಡೆ ಮಾತ್ರವಲ್ಲ, ಅವನ ಮುಖವೆಲ್ಲ ನಕ್ಕಿತು.

ಮುದ್ದೇಬಿಹಾಳ ಬಂತು. ಕಂಡಕ್ಟರ್ ಪೆಟ್ಟಿಗೆ ಇಳಿಸಿಕೊಟ್ಟ. ಅವಳು ಮೊದಲು ಇಳಿದು ತಿರುಗಿ ಕೈ ಚಾಚಿದಳು.

“ಮೂರು ಮೆಟ್ಟಲಾ ಅದಾವ. ಕಡೀದು ಎತ್ತರ ಐತಿ. ಕೈ ಹಿಡೀರಿ.”

“ಈ ಬಸ್ಸಿನ ಮೆಟ್ಟಲಾ ನನಗ ಬಾಯಿಪಾಠ ಅದಾವ,” ಎಂದ ಅಮಿತ. ಆದರೂ ಕೈ ಹಿಡಿದ. ಇಳಿದ ಮೇಲೂ ಬಿಡಲಿಲ್ಲ.