ಕೆಂಪುಹೊಳೆಯ ಹಲಸಿನ ಮೇಣ

ಬಲು ಹಿಂದೆ, ಕೋಟೆಗೋಡೆಗೆ ಹಲಸಿನ ಮರಗಳು ಒರಗಿ ನಿಂತಿದ್ದ ಕಾಲದಲ್ಲಿ, ಕೆಂಪುಹೊಳೆ ಎಂಬ ರಾಜ್ಯವಿತ್ತು. ಅದಕ್ಕೆ ಕಾವಲು ಹೆಬ್ಬಾಯ ಎಂಬ ರಾಕ್ಷಸ. ಸಾಧು ಪ್ರಾಣಿ, ಪಾಪ, ಆದರೆ ಎರಡು ಕಣ್ಣೂ ಕಾಣವು.

ಇದು ತಿಳಿದ ಮಾಯಾವಿ ಕುಟಿಲಾಂಗ ತನ್ನ ಲೋಳೆಮರಿಗಳನ್ನು ಊರಿಗೆ ನುಗ್ಗಿಸಿದ. ಮೈಯೆಲ್ಲ ಲೋಳೆ, ದನಿ ಮಾತ್ರ ಥೇಟ್ ಊರವರದೇ! ಅವು ಮುಟ್ಟಿದವರಿಗೆಲ್ಲ ಜ್ವರ. ಹಲಸು ಮಾರುವ ಸಂಕವ್ವನ ಮಗಳು ತಾಯವ್ವನ ಮೈಯೂ ಕೆಂಡವಾಯಿತು. “ಮೂರು ದಿನ ತಡೆದರೆ ಹೆಚ್ಚು” ಎಂದರು ವೈದ್ಯರು.

ಸಂಕವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿ ಹೊರಟಳು. “ಏನಯ್ಯಾ ಹೆಬ್ಬಾಯ, ಇಷ್ಟಗಲ ಬಾಯಿ ಇಟ್ಟುಕೊಂಡು ಸುಮ್ಮನೆ ಕೂತಿದ್ದೀಯಲ್ಲ!”

“ಗುರುತು ಸಿಗಬೇಕಲ್ಲವ್ವಾ. ಅವು ಕೈಗೆ ನಿಲ್ಲದೆ ಜಾರುತ್ತವೆ, ದನಿಯೋ ನಿಮ್ಮದೇ. ನಿನ್ನ ಮಗಳನ್ನೇ ನುಂಗಿಬಿಟ್ಟರೆ?”

ತಡವಿದರೆ ಗುರುತು ಸಿಗಲೆಂದು ಮೊದಲ ದಿನ ಅವಳು ಮರಿಗಳ ಮೇಲೆ ಬೂದಿ ಎರಚಿದಳು. ಜಾರಿಹೋಯಿತು. ಎರಡನೆಯ ದಿನ ಅರಿಸಿನ ಎರಚಿದಳು. ಅದೂ ಜಾರಿಹೋಯಿತು. ಮೂರನೆಯ ದಿನ ಅಳುತ್ತಲೇ ಹಲಸು ಕೊಯ್ಯಲು ಕೈಗೆ ಎಣ್ಣೆ ಸವರುತ್ತಿದ್ದವಳು ಥಟ್ಟನೆ ನಿಂತಳು. ಎಣ್ಣೆ ಇದ್ದ ಕೈಗೆ ಮೇಣ ಹಿಡಿಯದು, ಇಲ್ಲದ ಕೈಯನ್ನು ಬಿಡದು!

“ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ!”

ಊರವರಿಗೆಲ್ಲ ಎಣ್ಣೆ ಹಚ್ಚಿಸಿದಳು. ಕೊನೆಯ ಗಿಂಡಿ ಎಣ್ಣೆ ಮಗಳ ಮೈಗೂ ಜಡೆಗೂ ಆಯಿತು. ಆಮೇಲೆ ಬೀದಿಬೀದಿಗೆ ಕೊಡಗಟ್ಟಲೆ ಮೇಣ ಎರಚಿದಳು. ಊರವರ ಮೈಮೇಲೆ ಅದು ನಿಲ್ಲಲಿಲ್ಲ. ಮರಿಗಳಿಗೆ ಬಿಡದೆ ಅಂಟಿತು.

“ಕೈಗೆ ಅಂಟಿದ್ದನ್ನು ನುಂಗು, ಜಾರಿದ್ದನ್ನು ಬಿಡು!” ಎಂದು ಕೂಗಿದಳು.

ಹೆಬ್ಬಾಯ ತಡವಿ ತಡವಿ ಒಂದೊಂದನ್ನೇ ಗುಳುಂ ಮಾಡಿದ. ಕೊನೆಯ ಮರಿ ಹೊಟ್ಟೆ ಸೇರಿದ್ದೇ ತಡ, ಅವುಗಳಲ್ಲೇ ಜೀವ ಇಟ್ಟಿದ್ದ ಕುಟಿಲಾಂಗ ಪುಡಿಯಾಗಿ ಗಾಳಿಗೆ ಹಾರಿಹೋದ. ಊರಿನ ಜ್ವರವೆಲ್ಲ ಇಳಿಯಿತು.

ಆಗಲೇ ರಾಕ್ಷಸನ ಕೈಗೆ ಇನ್ನೊಂದು ಅಂಟಿತು. ಸಂಕವ್ವ! ಊರಿಗೆಲ್ಲ ಎಣ್ಣೆ ಹಂಚಿ ತನಗೆ ಉಳಿಸಿಕೊಳ್ಳದವಳು ಎರಚುವ ಭರದಲ್ಲಿ ಮೈತುಂಬ ಮೇಣ ಮಾಡಿಕೊಂಡಿದ್ದಳು.

“ನಾನು ಸಂಕವ್ವ ಕಣೋ!”

“ಮರಿಗಳೂ ಹಾಗೇ ಅಂದವು” ಎಂದು ಅವಳನ್ನು ಬಾಯಿಗೆತ್ತಿದ.

ಎದ್ದು ಬಂದ ತಾಯವ್ವ ರಾಕ್ಷಸನ ಮೊಣಕಾಲು ಹತ್ತಿ, ತೋಳು ಹತ್ತಿ, ಎಣ್ಣೆ ಸುರಿಯುತ್ತಿದ್ದ ತನ್ನ ಜಡೆಯಿಂದ ಅವ್ವನ ಮೈಯನ್ನು ಗಸಗಸ ಉಜ್ಜಿದಳು. ಮೇಣ ಬಿಟ್ಟಿತು. ಸಂಕವ್ವ ಮುಷ್ಟಿಯಿಂದ ಜಾರಿ ಮಗಳ ಜೊತೆ ಅವನ ಮಡಿಲಿಗೆ ಬಿದ್ದಳು.

“ನಿನ್ನನ್ನೇ ನುಂಗುತ್ತಿದ್ದೆನಲ್ಲವ್ವಾ!” ಎಂದು ಹೆಬ್ಬಾಯ ಗೊಳೋ ಎಂದ.

“ನೀನಿರದಿದ್ದರೆ ನನ್ನ ಮಗಳೆಲ್ಲಿರುತ್ತಿದ್ದಳಪ್ಪಾ? ಹೊಟ್ಟೆ ತಣ್ಣಗಿರಲಿ ನಿಂದು” ಎಂದು ಅವಳು ಅವನ ಕೆನ್ನೆ ಸವರಿದಳು.

ಅಂದಿನಿಂದ ಕೆಂಪುಹೊಳೆಯವರು ನೆಮ್ಮದಿಯಾಗಿ ಬಾಳಿದರು. ಹಲಸಿನ ಮೊದಲ ತೊಳೆ ಹೆಬ್ಬಾಯನ ಬಾಯಿಗೆ. ತಾಯವ್ವನೋ, ಹಣ್ಣು ಮುಟ್ಟುವ ಮುನ್ನ ಮೊದಲು ಅವ್ವನ ಕೈಗೆ ಎಣ್ಣೆ ಸವರುತ್ತಿದ್ದಳು.