ಪೆನ್ಸಿಲ್ ಗೆರೆ ಎಳೆದ ಗೋಡೆ

"ಆ ಬೀರು ಮುಟ್ಟಬೇಡಿ."

ಅವಳು ಬೀರುವಿಗೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ ನಿಂತುಬಿಟ್ಟಿದ್ದಳು. ಎದುರಿಗೆ ಬಣ್ಣದ ಚುಕ್ಕೆಗಳು ಮೆತ್ತಿದ ಅಂಗಿಯ ಪೇಂಟರ್. ಅವನು ಬಂದು ಐದು ನಿಮಿಷವೂ ಆಗಿರಲಿಲ್ಲ, ಆಗಲೇ ಯಾವುದನ್ನು ಮುಟ್ಟಬಾರದೋ ಅದಕ್ಕೇ ಕೈ ಹಾಕಿದ್ದ.

"ಮನೆಗೆಲ್ಲ ಬಣ್ಣ ಹೊಡೀಬೇಕು ಅಂತ ಕರೆಸಿದ್ದೀರಿ. ಬೀರು ಸರಿಸದೆ ಹೇಗೆ ಹೊಡೀಲಿ?"

"ಅದೊಂದು ಬಿಟ್ಟು ಉಳಿದಿದ್ದಕ್ಕೆ ಹೊಡೀರಿ."

"ಅದರ ಹಿಂದೆ ಏನಿದೆ?"

"ಗೋಡೆ."

"ಬರೀ ಗೋಡೆಗೆ ನೀವ್ಯಾಕೆ ಕಾವಲು ನಿಂತಿದ್ದೀರಿ?"

ಒಳಗಿನ ಕೋಣೆಯಿಂದ ಅಮ್ಮನ ನಗು ಕೇಳಿಸಿತು. "ತೋರಿಸೇ ಅರ್ಜೆಂಟಮ್ಮಾ. ಅವನೇನು ಊರಿಗೆಲ್ಲ ಡಂಗುರ ಹೊಡೀತಾನಾ?"

ಅರ್ಜೆಂಟಮ್ಮ ಎಂಬುದು ಅಮ್ಮ ಇಟ್ಟ ಅಡ್ಡಹೆಸರು. ಕೆಲಸ ಶುರುವಾಗುವ ಮೊದಲೇ ಮುಗಿದಿರಬೇಕು ಎನ್ನುವ ಮಗಳಿಗೆ ಬೇರೆ ಹೆಸರು ಯಾಕೆ ಬೇಕು?

ಅವಳು ಮುಖ ಊದಿಸಿಕೊಂಡು ಪಕ್ಕಕ್ಕೆ ಸರಿದಳು. ಅವನು ಬೀರು ಎಳೆದ. ಹಿಂದಿನ ಗೋಡೆ ಸೊಂಟದೆತ್ತರಕ್ಕೆ ತೇವ ಹಿಡಿದು, ಬಣ್ಣ ಪದರು ಪದರಾಗಿ ಉದುರುತ್ತಿತ್ತು. ಈಗ ನಗುತ್ತಾನೆ, ಇಲ್ಲವೇ ರೇಟು ಏರಿಸುತ್ತಾನೆ ಎಂದು ಅವಳು ಹಲ್ಲು ಕಚ್ಚಿ ಕಾದಳು. ಅವನು ಅಂಗೈಯನ್ನು ಗೋಡೆಗೆ ಒತ್ತಿ ತೇವ ನೋಡಿದ. ಆಮೇಲೆ ಅವಳ ಕಡೆ ತಿರುಗಿದ.

"ಇಷ್ಟು ದಿನ ಇದನ್ನ ಒಬ್ಬರೇ ಮುಚ್ಚಿಟ್ಕೊಂಡು ಓಡಾಡ್ತಿದ್ರಾ?"

ಎಷ್ಟು ಮೆತ್ತಗೆ ಕೇಳಿದ... ಅವಳು ಹೌದೆಂದು ತಲೆಯಾಡಿಸಿದಳು.

ಮುಚ್ಚಿಡಲು ಕಾರಣವಿತ್ತು. ಅವರದು ಮೇಲಿನ ಮಹಡಿಯ ಮನೆ. ಬೀದಿಗೆ ಇಳಿಯಲು ಇಪ್ಪತ್ತೆರಡು ಕಡಿದಾದ ಮೆಟ್ಟಿಲು. ಎಂಟು ತಿಂಗಳ ಹಿಂದೆ ಅಮ್ಮ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ಗಾಲಿ ಕುರ್ಚಿಯೇ ಗತಿಯಾಗಿತ್ತು. ಆಸ್ಪತ್ರೆಗೆ ಹೋಗುವಾಗ ನಾಲ್ಕು ಜನ ಹೊತ್ತು ಇಳಿಸುತ್ತಿದ್ದರು. ಅದು ಬಿಟ್ಟರೆ ಅಮ್ಮ ಬೀದಿಯ ಮುಖ ಕಂಡಿರಲಿಲ್ಲ. ಪಕ್ಕದವರ ಜಗಳವನ್ನೂ ಕಿಟಕಿಯಲ್ಲಿ ಅರ್ಧಂಬರ್ಧ ಕೇಳಬೇಕಾಗಿತ್ತು, ಅದು ಅವರಿಗೆ ದೊಡ್ಡ ಸಂಕಟ.

ಎರಡು ಬೀದಿ ಆಚೆ ನೆಲಮಹಡಿಯ ಪುಟ್ಟ ಮನೆಯೊಂದು ಮಾರಾಟಕ್ಕಿತ್ತು. ಬಾಗಿಲು ತೆರೆದರೆ ಬೀದಿ. ತಿಂಗಳ ಕೊನೆಯವರೆಗೆ ಮಾತ್ರ ಕಾಯುತ್ತೇನೆ ಎಂದು ಅದರ ಯಜಮಾನರು ಕಡ್ಡಿ ಮುರಿದಂತೆ ಹೇಳಿದ್ದರು. ಅಷ್ಟರೊಳಗೆ ಈ ಮನೆ ಮಾರಾಟವಾಗಲೇಬೇಕು. ಆದದ್ದಾಗಲಿ, ಅಮ್ಮನನ್ನು ಬೀದಿಗೆ ಇಳಿಸಿಯೇ ತೀರುತ್ತೇನೆ ಎಂದು ಅವಳು ಪಣ ತೊಟ್ಟಿದ್ದಳು. ಇಂದು ತಿಂಗಳ ಮೊದಲನೇ ತಾರೀಖು.

ಪೇಂಟರ್ ಮರುದಿನವೇ ಪ್ಲಂಬರನನ್ನು ಕರೆತಂದ. ಗೋಡೆಯೊಳಗಿನ ಪೈಪಿನ ಜೋಡಣೆ ಸೋರುತ್ತಿತ್ತು. ಅದನ್ನು ಬದಲಿಸಿ ಗಾರೆ ಮುಚ್ಚಿದರು. ಗಾರೆಯ ಮೇಲ್ಮೈ ಒಣಗಿದ ಮೇಲೆ ಅವನು ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು, ತೇವ ಎಲ್ಲಿಯವರೆಗೆ ಇದೆಯೋ ಅದರ ಅಂಚಿನುದ್ದಕ್ಕೂ ಗೆರೆ ಎಳೆದ. ಪಕ್ಕದಲ್ಲಿ ತಾರೀಖು ಬರೆದ.

"ಇದೇನು ಮಕ್ಕಳಾಟ?"

"ತೇವ ಈ ಗೆರೆ ದಾಟಿದ್ರೆ ಇನ್ನೂ ಸೋರ್ತಿದೆ ಅಂತ. ಒಳಕ್ಕೆ ಸರಿದ್ರೆ ಒಣಗ್ತಿದೆ ಅಂತ. ಪೂರ್ತಿ ಒಣಗೋವರೆಗೂ ಇದಕ್ಕೆ ಬಣ್ಣ ಹೊಡೆಯಲ್ಲ. ಬೀರುನೂ ಇದರ ಮುಂದೆ ಇಡಬೇಡಿ, ಗಾಳಿ ಆಡ್ಲಿ."

"ನನಗಷ್ಟು ಟೈಮಿಲ್ಲ."

"ಗೋಡೆಗೆ ಅದು ಗೊತ್ತಿಲ್ಲವಲ್ಲ."

ಅಮ್ಮ ಅಂದೇ ಅವನಿಗೆ ನಿಧಾನಪ್ಪ ಎಂದು ಹೆಸರಿಟ್ಟರು.

ನಿಧಾನಪ್ಪ ಉಳಿದ ಕೋಣೆಗಳಿಗೆ ತಿಳಿ ಬಣ್ಣ ಹೊಡೆಯತೊಡಗಿದ. ಕಿರುಗುಟ್ಟುತ್ತಿದ್ದ ಬಾಗಿಲ ಕೀಲಿಗೆ ಎಣ್ಣೆ ಬಿಟ್ಟ. ಅವಳು ಕನ್ನಡಕದ ಅಂಗಡಿಯ ಕೆಲಸಕ್ಕೆ ಹೋಗುವ ಮುಂಚೆ ಒಂದು ಸುತ್ತು, ಬಂದ ಮೇಲೆ ಒಂದು ಸುತ್ತು ಮನೆ ಒಪ್ಪ ಮಾಡುತ್ತಿದ್ದಳು. ಅಟ್ಟದ ಮೇಲಿನ ಹಳೇ ಸಾಮಾನು ಖಾಲಿಯಾಯಿತು, ಕಿಟಕಿಯ ಗಾಜು ಉಜ್ಜಿ ಉಜ್ಜಿ ಹೊಳೆಯಿತು. ಹಜಾರಕ್ಕೆ ಬೆಳಕು ಬಂದದ್ದು ಕಂಡು ಅವಳಿಗೇ ಆಶ್ಚರ್ಯವಾಯಿತು.

ಪ್ರತಿ ಬೆಳಿಗ್ಗೆ ಇಬ್ಬರೂ ಆ ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಗೆರೆ ನೋಡುವುದು ರೂಢಿಯಾಯಿತು. ಹೊಸ ಗೆರೆ, ಹೊಸ ತಾರೀಖು. ತೇವ ದಿನಕ್ಕೆ ಒಂದು ಬೆರಳಿನಷ್ಟು ಒಳಸರಿಯುತ್ತಿತ್ತು.

ಆರನೇ ಬೆಳಿಗ್ಗೆ ಗೆರೆ ನೋಡಲು ಕೂರುವ ಮುಂಚೆ ತಾನು ತಲೆ ಬಾಚಿಕೊಂಡು ಬಂದದ್ದು ಅವಳ ಗಮನಕ್ಕೆ ಬಂತು. 'ಗೋಡೆ ನೋಡೋಕೆ ಇಷ್ಟೊಂದು ಅಲಂಕಾರ ಯಾಕೆ?' ಎಂದು ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಿತ್ತು. ಅದಕ್ಕೇ ಮತ್ತೆ ಕೇಳಿಕೊಳ್ಳಲಿಲ್ಲ.

ಒಂಬತ್ತನೇ ತಾರೀಖು ಬೆಳಿಗ್ಗೆ, ಹಿಂದಿನ ದಿನ ಬಂದು ಮನೆ ನೋಡಿಹೋಗಿದ್ದ ಬ್ರೋಕರ್ ಫೋನ್ ಮಾಡಿದ. ನಿವೃತ್ತ ಹೆಡ್‌ಮಿಸ್ಟ್ರೆಸ್ ಒಬ್ಬರು ಹತ್ತೂವರೆಗೆ ಮನೆ ನೋಡಲು ಬರುತ್ತಾರೆ, ಒಳ್ಳೆ ಗಿರಾಕಿ.

"ಆ ಗೋಡೆ ಮೇಲೆ ಗೀಚಿದ್ದೆಲ್ಲ ಒರೆಸಿಬಿಡಿ. ತಾರೀಖು ಬರೆದಿರೋ ಗೋಡೆ ಕಂಡ್ರೆ ಯಾರಮ್ಮಾ ಕೊಳ್ತಾರೆ?"

 ಪೇಂಟರ್ ಇನ್ನೂ ಬಂದಿರಲಿಲ್ಲ. ಒದ್ದೆ ಬಟ್ಟೆ ತಂದು ಗೋಡೆಯನ್ನು ಗಸಗಸ ಉಜ್ಜಿದಳು. ಆರು ದಿನದ ಗೆರೆಗಳೂ ತಾರೀಖುಗಳೂ ಹೋದವು. ಉಸಿರು ಬಿಗಿಹಿಡಿದು ಬೀರುವನ್ನು ಮತ್ತೆ ಹಳೇ ಜಾಗಕ್ಕೆ ತಳ್ಳಿದಳು.

ಹೆಡ್‌ಮಿಸ್ಟ್ರೆಸ್ ಮನೆಯೆಲ್ಲ ನೋಡಿ ಮೆಚ್ಚಿದರು. ಬೀರುವಿನ ಮುಂದೆ ಮಾತ್ರ ನಿಂತುಬಿಟ್ಟರು. ಮೂವತ್ತು ವರ್ಷ ಮಕ್ಕಳು ಬೆನ್ನ ಹಿಂದೆ ಅಡಗಿಸಿಟ್ಟದ್ದನ್ನು ಹುಡುಕಿದವರು!

"ಇದನ್ನ ಸ್ವಲ್ಪ ಸರಿಸಿ."

ಅಷ್ಟರಲ್ಲಿ ಒಳಗೆ ಬಂದ ಪೇಂಟರ್ ಬೀರು ಸರಿಸಿದ. ಅವರು ಗೋಡೆ ಮುಟ್ಟಿ ನೋಡಿದರು. ಬೆರಳು ಒದ್ದೆಯಾಯಿತು.

"ಸೋರ್ತಿದೆಯಲ್ಲಪ್ಪಾ?"

ಅವನು ಗೋಡೆ ನೋಡಿದ. ಗೆರೆಗಳಿಲ್ಲ. ಅವಳನ್ನು ನೋಡಿದ. ಅವಳು ಕಣ್ಣಲ್ಲೇ ಬೇಡಿಕೊಂಡಳು... ಒಂದು ಮಾತು, ಇಲ್ಲ ಅಂದುಬಿಡಿ.

"ನಿನ್ನೆವರೆಗೂ ಒಣಗ್ತಿತ್ತು ಮೇಡಂ. ಇವತ್ತು ಯಾಕೆ ಹೀಗಾಗಿದೆಯೋ, ನನಗೆ ಹೇಳೋಕಾಗ್ತಿಲ್ಲ."

ಹೆಡ್‌ಮಿಸ್ಟ್ರೆಸ್ ಬೆರಳು ಒರೆಸಿಕೊಂಡು ಮೆಟ್ಟಿಲಿಳಿದರು. ಅವರ ಜೊತೆ ಬಂದಿದ್ದ ಬ್ರೋಕರ್ ಅವಳನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ. "ನಿಮ್ಮ ಪೇಂಟರ್ ಮೊನ್ನೆ ಆ ನೆಲಮಹಡಿ ಮನೇಲಿ ಟೇಪ್ ಹಿಡಿದು ಬಾಗಿಲು ಅಳೀತಿದ್ದ. ಕೇಳಿದ್ರೆ ಸುಮ್ಮನೆ ಅಂದ. ಅದನ್ನ ತಾನೇ ಹೊಡ್ಕೊಳ್ಳೋ ಪ್ಲಾನ್ ಇರ್ಬೇಕು. ನಿಮ್ಮ ಮನೆ ಮಾರಾಟ ಆಗದಿದ್ರೆ ಅವನಿಗೇ ಲಾಭ."

ಅವಳು ನೇರ ಹೋಗಿ ಅವನೆದುರು ನಿಂತು, ಅಮ್ಮನಿಗೆ ಕೇಳದಂತೆ ದನಿ ತಗ್ಗಿಸಿದಳು.

"ಆ ಮನೆಗೆ ಹೋಗಿದ್ರಾ?"

ಅವನು ಒಮ್ಮೆ ಅಮ್ಮನ ಕೋಣೆಯ ಕಡೆ ನೋಡಿದ. "ಹೋಗಿದ್ದೆ."

"ಯಾಕೆ?"

"ಈಗ ಹೇಳೋಕಾಗಲ್ಲ."

"ಹೇಳೋದೇ ಬೇಡ. ನಾಳೆಯಿಂದ ಬರಬೇಡಿ."

ಅವನ ಮುಖ ಬಾಡಿತು. ಬ್ರಷ್ಷುಗಳನ್ನು ಒಂದೊಂದಾಗಿ ತೊಳೆದ, ಒರೆಸಿದ, ಚೀಲಕ್ಕೆ ಹಾಕಿಕೊಂಡ. ಹೋಗುವಾಗಲೂ ನಿಧಾನವೇ. ಅವಳು ಬಚ್ಚಲ ಬಾಗಿಲು ಹಾಕಿಕೊಂಡು ನಲ್ಲಿ ಬಿಟ್ಟು ಅತ್ತಳು.

ನಾಲ್ಕು ದಿನ ಅವಳು ಅಮ್ಮನಿಗೆ, ಪೇಂಟರ್ ಬೇರೆ ಕೆಲಸಕ್ಕೆ ಹೋಗಿದ್ದಾರೆ ಎಂದು ಹೇಳುತ್ತಾ ಬಂದಳು. ಐದನೇ ಬೆಳಿಗ್ಗೆ ಅಮ್ಮ ತಡೆಯಲಾರದೆ ಕೇಳಿದರು.

"ನಿಧಾನಪ್ಪ ಎಲ್ಲೇ? ಬೇರೆ ಕೆಲಸ ಅಂತ ನನಗೆ ಸುಳ್ಳು ಹೇಳ್ಬೇಡ."

"ಆ ಮನೆ ಮೇಲೆ ಅವರಿಗೇ ಕಣ್ಣಿತ್ತು ಅಮ್ಮಾ. ಹೋಗಿ ಅಳತೆ ತಗೊಂಡು ಬಂದಿದ್ರಂತೆ."

ಅಮ್ಮ ಹಣೆ ಚಚ್ಚಿಕೊಂಡರು. "ಅಯ್ಯೋ ಮಂಕೇ, ನಾನೇ ಕಳಿಸಿದ್ದು. ಆ ಬಚ್ಚಲ ಬಾಗಿಲಲ್ಲಿ ನನ್ನ ಕುರ್ಚಿ ತೂರುತ್ತೋ ಇಲ್ವೋ ಅಂತ ನನಗೆ ಭಯ. ನೀನು ಇಷ್ಟು ಒದ್ದಾಡ್ತಿರುವಾಗ ಹೇಗೆ ಹೇಳ್ಲಿ? ನಿನಗೆ ಹೇಳ್ಬೇಡ ಅಂತ ಅವನಿಂದ ಮಾತು ತಗೊಂಡಿದ್ದೆ. ನಾಲ್ಕು ಬೆರಳು ಸಾಲದಂತೆ. ಚೌಕಟ್ಟು ಬದಲಾಯಿಸಿಕೊಡ್ತೀನಿ ಅಂದ."

 "ಆದ್ರೆ ಆ ಗೋಡೆ... ಅವತ್ತು ಅದು ಒದ್ದೆ ಇತ್ತಲ್ಲ?"

"ಒದ್ದೆ ಬಟ್ಟೇಲಿ ಗಸಗಸ ಉಜ್ಜಿ, ಗಾಳಿ ಆಡದ ಹಾಗೆ ಬೀರು ತಳ್ಳಿದ್ರೆ ಒದ್ದೆಯಾಗದೆ ಇನ್ನೇನಾಗುತ್ತೆ? ಆ ಸದ್ದು ನನಗೆ ಇಲ್ಲಿಗೇ ಕೇಳಿಸ್ತಿತ್ತು."

ಅವಳು ಓಡಿಹೋಗಿ ಗೋಡೆ ನೋಡಿದಳು. ಬೀರು ಅವತ್ತು ಅವನು ಸರಿಸಿದಲ್ಲೇ ಇತ್ತು. ಗೋಡೆಯ ಬಹುಪಾಲು ಒಣಗಿತ್ತು. ನಡುವೆ ತಟ್ಟೆಯಷ್ಟು ತೇವ ಮಾತ್ರ ಉಳಿದಿತ್ತು. ಪೈಪು ಸೋರಿರಲಿಲ್ಲ. ಅವನು ಸುಳ್ಳು ಹೇಳಿರಲಿಲ್ಲ. ಮನೆ ಮಾರಾಟ ಕೆಡಿಸಿದ್ದು ಅವಳ ಕೈಯೇ. ಅವಳು ಗೋಡೆಗೆ ಹಣೆ ಹಚ್ಚಿ ಕೂತುಬಿಟ್ಟಳು. 'ನಾಲ್ಕು ದಿನ... ಅವರು ನನ್ನ ಬಗ್ಗೆ ಏನಂದ್ಕೊಂಡಿರ್ತಾರೆ?'

ಅಳುತ್ತಾ ಕೂರುವ ಜೀವವಲ್ಲ ಅದು. ಎದ್ದು ಪೆನ್ಸಿಲ್ ಹುಡುಕಿದಳು. ಇದ್ದ ತೇವದ ಸುತ್ತ ಗೆರೆ ಎಳೆದು ಅಂದಿನ ತಾರೀಖು ಬರೆದಳು. ಹದಿನಾಲ್ಕು. ಹೆಡ್‌ಮಿಸ್ಟ್ರೆಸ್‌ಗೆ ಫೋನ್ ಮಾಡಿ, ಬೀರುವಿನಿಂದ ಹಿಡಿದು ಒದ್ದೆ ಬಟ್ಟೆಯವರೆಗೆ ಒಂದೂ ಬಿಡದೆ ಹೇಳಿದಳು. 

"ಹತ್ತು ದಿನ ಬಿಟ್ಟು ಬರ್ತೀನಿ," ಎಂದರು ಅವರು. "ಅಲ್ಲಿಯವರೆಗೂ ಆ ಗೋಡೆಗೆ ಬಟ್ಟೆ ತಾಗಿಸ್ಬೇಡ."

ವಿಷಯ ತಿಳಿದು ಬ್ರೋಕರ್ ಬಾಯಿ ಬಡಿದುಕೊಂಡ. "ಹತ್ತು ದಿನ ಯಾಕೆ ಕಾಯ್ತೀರಿ? ಹಿಂದಿನ ತಾರೀಖು ಹಾಕಿ ನಾಲ್ಕು ಗೆರೆ ಎಳೀರಿ, ಮುಗೀತು."

"ಆಗಲ್ಲ," ಎಂದಳು ಅವಳು. "ಆ ಬೀರು ಇವತ್ತೇ ಗುಜರಿಗೆ ಹೋಗುತ್ತೆ. ಇನ್ಮೇಲೆ ಯಾರೇ ಬಂದ್ರೂ ಮೊದಲು ಆ ಗೋಡೇನೇ ತೋರಿಸ್ತೀನಿ."

ಪೇಂಟರ್ ಪಕ್ಕದ ಊರಿನ ಕಾಲೇಜಿನ ಕೆಲಸಕ್ಕೆ ಹೋಗಿದ್ದ. ಫೋನ್ ಎತ್ತಲಿಲ್ಲ. ಅವಳು ಮೆಸೇಜ್ ಬರೆದಳು: 'ಅಮ್ಮ ಎಲ್ಲಾ ಹೇಳಿದರು. ಗೆರೆ ಒರೆಸಿದ್ದು ನಾನು, ಒದ್ದೆ ಮಾಡಿದ್ದೂ ನಾನು. ತಪ್ಪಾಯಿತು. ಗೆರೆ ಮತ್ತೆ ಎಳೆದಿದ್ದೇನೆ.'

ಅವನು ಓದಿದ್ದು ಗೊತ್ತಾಯಿತು. ಉತ್ತರ ಬರಲಿಲ್ಲ.

ಮರುದಿನ ಮತ್ತೆ ಬರೆದಳು. 'ಗೆರೆ ದಾಟಿಲ್ಲ.' ಅದರ ಮರುದಿನ, 'ಅರ್ಧ ಬೆರಳು ಒಳಗೆ ಸರಿದಿದೆ.' ಹೀಗೆ ದಿನಾ. ಉತ್ತರವಿಲ್ಲದ ಪ್ರತಿ ಬೆಳಿಗ್ಗೆ ಎದೆ ಚುರುಕ್ ಎನ್ನುತ್ತಿತ್ತು. ಆದರೂ ಬಿಡಲಿಲ್ಲ.

ಏಳನೇ ದಿನ ಫೋನ್ ಸದ್ದು ಮಾಡಿತು.

'ಕಿಟಕಿ ತೆಗೆದಿಡಿ. ಒದ್ದೆ ಬಟ್ಟೆ ಬೇಡ.'

ಅಂಗಡಿಯಲ್ಲಿ ಗಿರಾಕಿಯೊಬ್ಬರಿಗೆ ಕನ್ನಡಕ ತೊಡಿಸುತ್ತಿದ್ದವಳು ನಕ್ಕುಬಿಟ್ಟಳು. "ನನಗೆ ಅಷ್ಟು ಕೆಟ್ಟದಾಗಿ ಕಾಣ್ತಿದೆಯಾ?" ಎಂದು ಆ ಗಿರಾಕಿ ಬೇಜಾರು ಮಾಡಿಕೊಂಡರು.

ಇಪ್ಪತ್ತನಾಲ್ಕನೇ ತಾರೀಖು ಹೆಡ್‌ಮಿಸ್ಟ್ರೆಸ್ ಬಂದರು. ಅವಳು ಅವರನ್ನು ನೇರ ಆ ಗೋಡೆಯ ಮುಂದೆ ಕರೆದೊಯ್ದಳು. ಒಂದರೊಳಗೊಂದು ಹತ್ತು ಗೆರೆ, ಹತ್ತು ತಾರೀಖು. ಕೊನೆಯ ಗೆರೆಯೊಳಗೆ ಅವರು ಅಂಗೈ ಇಟ್ಟು ನೋಡಿದರು. ಒಣಗಿತ್ತು. 

"ಈ ತಿಂಗಳು ಹನ್ನೊಂದು ಮನೆ ನೋಡಿದೆ," ಎಂದರು ಅವರು. "ಎಲ್ಲಾ ಕಡೆ ಹೊಸ ಬಣ್ಣ. ಹಿಂದೆ ಏನಿದೆ ಅಂದ್ರೆ ಒಬ್ಬರೂ ಬಾಯಿ ಬಿಡಲಿಲ್ಲ. ಇಲ್ಲಿ ಹೇಗಿದೆ ಅಂತ ನನಗೆ ಗೊತ್ತಾಯ್ತು. ಕಾಗದ ಪತ್ರ ಮಾಡ್ಸಮ್ಮಾ."

ಒಳಗಿನ ಕೋಣೆಯಲ್ಲಿ ಅಮ್ಮ ಮೂಗೆಳೆಯುವ ಸದ್ದು ಜೋರಾಗಿ ಕೇಳಿಸಿತು.

ಮರುದಿನ ಬಾಗಿಲು ತೆರೆದರೆ ಹೊಸ್ತಿಲಾಚೆ ನಿಧಾನಪ್ಪ, ಹೆಗಲಲ್ಲಿ ಚೀಲ.

"ಗೋಡೆ ಒಣಗಿದೆ ಅಂದ್ರಲ್ಲ... ಬಣ್ಣ ಬಾಕಿ ಇದೆ."

ಅವಳಿಗೆ ಹೇಳಬೇಕಾದದ್ದು ಬೆಟ್ಟದಷ್ಟಿತ್ತು. "ಒಳಗೆ ಬನ್ನಿ," ಎಂದಷ್ಟೇ ಬಾಯಿಂದ ಹೊರಟಿತು.

ಅವನು ಗೋಡೆ ಮುಗಿಸಿದ. ತಿಂಗಳು ಮುಗಿಯುವ ಮುಂಚೆ ಮುಂಗಡ ಕೊಟ್ಟಿದ್ದ ನೆಲಮಹಡಿ ಮನೆ ಇವರ ಕೈಸೇರಿದ ಮೇಲೆ ಅಲ್ಲಿನ ಬಚ್ಚಲ ಚೌಕಟ್ಟನ್ನೂ ಅಗಲ ಮಾಡಿಸಿದ. ಅಷ್ಟು ದಿನವೂ ಇಬ್ಬರ ಮಾತು ಮೊಳೆ, ಮರ, ಗಾರೆಯಿಂದ ಆಚೆ ಹೋಗಲಿಲ್ಲ. ಅಮ್ಮನಿಗೆ ನೋಡಿ ನೋಡಿ ಸಾಕಾಗಿತ್ತು.

ಮನೆ ಬಿಡುವ ದಿನ ಬಂತು. ಸಾಮಾನೆಲ್ಲ ಹೋದ ಮೇಲೆ ಅಮ್ಮನ ಕುರ್ಚಿಯನ್ನು ಮುಂದೆ ಅವನು, ಹಿಂದೆ ಅವಳು, ಅಕ್ಕಪಕ್ಕ ನೆರೆಮನೆಯ ಇಬ್ಬರು ಹಿಡಿದು ಇಳಿಸತೊಡಗಿದರು.

"ನಿಧಾನ ಅಮ್ಮಾ, ಕೈ ಗಟ್ಟಿಯಾಗಿ ಹಿಡ್ಕೋ," ಎಂದಳು ಅವಳು.

"ನೋಡಪ್ಪಾ, ಇವಳ ಬಾಯಲ್ಲಿ ಆ ಮಾತು ಬಂತು," ಎಂದರು ಅಮ್ಮ.

ಇಪ್ಪತ್ತೆರಡನೇ ಮೆಟ್ಟಿಲು ಮುಗಿದು ಗಾಲಿಗಳು ಬೀದಿಗೆ ತಾಗಿದವು. ಅಮ್ಮ ಸುತ್ತ ನೋಡಿದರು. ಎದುರು ಮನೆಯ ಜಗಲಿ, ಸೈಕಲ್ ಮೇಲೆ ಹೋದ ಹುಡುಗಿ, ಮೋರಿಯ ಪಕ್ಕ ಮಲಗಿದ್ದ ನಾಯಿ... ಒಂದೊಂದನ್ನೂ ದಿಟ್ಟಿಸಿದರು. ಕೆನ್ನೆ ಒದ್ದೆಯಾಗಿತ್ತು.

"ನನ್ನ ಪಾಡಿಗೆ ನನ್ನ ಬಿಡಿ. ನೀವಿಬ್ಬರೂ ಆ ಕಡೆ ಹೋಗಿ ಏನಾದ್ರೂ ಮಾತಾಡ್ಕೊಳ್ಳಿ," ಎಂದು ಕುರ್ಚಿಯನ್ನು ತಾವೇ ಮುಂದಕ್ಕೆ ತಳ್ಳಿಕೊಂಡರು.

ಇಬ್ಬರೂ ಗೇಟಿನ ಹತ್ತಿರ ನಿಂತರು.

"ಆರು ದಿನ ಯಾಕೆ ಉತ್ತರ ಕೊಡಲಿಲ್ಲ?" ಎಂದು ಕೇಳಿದಳು. "ಅಷ್ಟು ಕೋಪ ಇತ್ತಾ?"

"ಮೊದಲ ದಿನ ಇತ್ತು. ಆಮೇಲೆ ದಿನಾ ಬರೀತಿದ್ದೆ, ಅಳಿಸ್ತಿದ್ದೆ. ಬರೆದದ್ದೆಲ್ಲ... ಗೋಡೆ ವಿಷಯ ಆಗಿರ್ತಿರಲಿಲ್ಲ."

ಅವಳ ಕಿವಿ ಬಿಸಿಯಾಯಿತು. ತಲೆ ತಗ್ಗಿಸಿದಳು.

ಅವನು ಗಂಟಲು ಸರಿಮಾಡಿಕೊಂಡ. "ಹೊಸ ಮನೆಗೆ ಯಾವ ಬಣ್ಣ ಅಂತ ಇನ್ನೂ ಹೇಳಿಲ್ಲ ನೀವು."

"ನಾನೊಬ್ಬಳೇ ಹೇಗೆ ಹೇಳ್ಲಿ? ಅಲ್ಲಿರೋರು ಮೂರು ಜನ."

ಅವನು ಅವಳನ್ನೇ ನೋಡುತ್ತಾ ನಿಂತ.

"ಮೂರನೆಯವರು ಯಾರು ಅಂತ ಕೇಳಲ್ವಾ?"

"ಕೇಳೋಷ್ಟರಲ್ಲಿ ನೀವು ಮನಸ್ಸು ಬದಲಾಯಿಸಿಬಿಟ್ರೆ?"

"ಬದಲಾಯಿಸಲ್ಲ. ನೀವು ಎಷ್ಟು ನಿಧಾನವಾಗಿ ಬೇಕಾದ್ರೂ ಕೇಳಿ."

"ಇದೊಂದು ವಿಷಯದಲ್ಲಿ ನನಗೂ ಅರ್ಜೆಂಟ್ ಇದೆ," ಎಂದು ಅವನು ಅವಳ ಕೈ ಹಿಡಿದುಕೊಂಡ.