ಲಕ್ಷ್ಮೀ ಪಟದ ಹಿಂದಿನ ವೈರು

ಏಪ್ರಿಲ್ 12, 1999, ಸೋಮವಾರ ಬೆಳಿಗ್ಗೆ 10-40. ರಬಕವಿಯ ಸೀರೆ ವ್ಯಾಪಾರಿ ಗಿರಿಮಲ್ಲಪ್ಪ ಠಾಣೆಗೆ ಬಂದು ದೂರು ಕೊಟ್ಟರು. ಸಾಂಗ್ಲಿ, ಮಿರಜದ ಗಿರಾಕಿಗಳು ಅವರ ಅಂಗಡಿಗೆ ಫೋನ್ ಮಾಡಿ ಹೇಳಿದ ಸೀರೆಗಳನ್ನು ಬೇರೆ ಯಾರೋ ಅವರ ಹೆಸರಿನಲ್ಲೇ ಕಳಿಸುತ್ತಿದ್ದರು. ಲಗ್ನದ ಸೀಜನ್‌ನಲ್ಲೇ ಅವರ ಹನ್ನೆರಡು ಮಗ್ಗ ನಿಂತುಹೋಗಿದ್ದವು.

"ಯಾರ ಮ್ಯಾಲ ಸಂಶಯ?" ಪಿಎಸ್‌ಐ ಅಮಸಿದ್ದಪ್ಪ ಕೇಳಿದರು.

"ಯಾರ ಮ್ಯಾಲೂ ಇಲ್ರಿ. ಬಾಜೂ ಅಂಗಡಿ ನನ್ನ ತಮ್ಮ ಶಿವಯೋಗೀದು. ಪಾಲಾದ್ರೂ ಹಬ್ಬಕ್ಕ ಕೂಡೇ ಉಣತೇವಿ."

ಎಫ್‌ಐಆರ್ ದಾಖಲಾಯಿತು. 12-15ಕ್ಕೆ ಅಮಸಿದ್ದಪ್ಪ ಅಂಗಡಿಯಲ್ಲಿದ್ದರು. ಲಕ್ಷ್ಮೀ ಪಟದ ಕೆಳಗೆ, ಬೆರಳು ಹಾಕಿ ನಂಬರು ತಿರುವುವ ಹಳೆಯ ಕಪ್ಪು ಫೋನು. ಅದು ತಾನಾಗಿ ಟಿಣ್ ಟಿಣ್ ಎಂದು ಸಣ್ಣಗೆ ಸದ್ದು ಮಾಡಿ ಸುಮ್ಮನಾಯಿತು. ಗಿರಿಮಲ್ಲಪ್ಪ ತಟ್ಟನೆ ಕೈ ಮುಗಿದರು.

"ಇದೇನ್ರಿ?"

"ಲಕ್ಷ್ಮಿ ಬರೂ ಸಪ್ಪಳರಿ. ದೀಪಾವಳಿಗೆ ತಮ್ಮ ಈ ಪಟಾ ತಂದು ಹಾಕಿದಾಗಿಂದ ದಿನಾ ಆಗತೈತಿ. ಗಿರಾಕಿ ಫೋನು ಮಾತ್ರ ನಾ ಎತ್ತೂದ್ರಾಗ ನಿಂತ ಬಿಡತಾವ."

ಅಯ್ಯೋ ಶಿವನೇ! ಅಮಸಿದ್ದಪ್ಪನವರ ಹಿಂದಿನ ಠಾಣೆಯಲ್ಲಿ ಒಂದೇ ಲೈನಿಗೆ ಎರಡು ಫೋನುಗಳಿದ್ದವು. ಒಂದರಲ್ಲಿ ನಂಬರು ತಿರುವಿದರೆ ಇನ್ನೊಂದರ ಗಂಟೆ ಹೀಗೇ ಮಿಡಿಯುತ್ತಿತ್ತು. ಅವರು ಫೋನಿನ ವೈರನ್ನು ಗೋಡೆಯ ಪೆಟ್ಟಿಗೆಯಿಂದ ಕಿತ್ತು, ಕಾನ್‌ಸ್ಟೇಬಲ್ ಹೊಳೆಪ್ಪನನ್ನು ಎಸ್‌ಟಿಡಿ ಬೂತಿಗೆ ಕಳಿಸಿದರು.

"ಇದ ನಂಬರಿಗೆ ಹಚ್ಚು."

12-50. ಎದುರಿನ ಫೋನು ಸತ್ತಂತೆ ಕೂತಿತ್ತು. ಗೋಡೆಯಾಚೆ ಗಂಟೆ ಬಾರಿಸಿತು. ಆಮೇಲೆ ದನಿ: "ಹಲೋ, ಗಿರಿಮಲ್ಲಪ್ಪನವರ ಅಂಗಡಿರಿ. ಹೇಳ್ರಿ."

ಗಿರಿಮಲ್ಲಪ್ಪನವರಿಗೆ ದನಿಯ ಗುರುತು ಹತ್ತಿತು. "ಶಿವಯೋಗಿ..." ಎನ್ನುತ್ತ ಗಾದಿಯ ಮೇಲೆ ಕೂತರು.

ಪಂಚರ ಎದುರು ಪಟ ಇಳಿಸಿದರು. ಪೆಟ್ಟಿಗೆಗೆ ಜೋಡಿಸಿದ ಇನ್ನೊಂದು ವೈರು ಪಟದ ಹಿಂದಿನ ತೂತಿನಿಂದ ಆಚೆ ಹೋಗಿತ್ತು. ಶಿವಯೋಗಿಯ ಅಂಗಡಿಯಲ್ಲಿ, ಸೀರೆ ಗಂಟುಗಳ ನಡುವೆ, ಫೋನು ಸಿಕ್ಕಿತು. ಪಂಚನಾಮೆ ಮುಗಿದಾಗ 2-30.

"ಯಾಕ ಮಾಡಿದಿ?" ಅಮಸಿದ್ದಪ್ಪ ಶಿವಯೋಗಿಯನ್ನು ಕೇಳಿದರು.

"ಈ ನಂಬರಿಗೆ ಅರ್ಜಿ ಹಿಡಕೊಂಡು ಏಳು ವರ್ಷ ತಿರಗಿದಾಂವ ನಾನ್ರಿ. ಹಿರ್ಯಾ ಅಂತ ಅಣ್ಣನ ಹೆಸರಲೆ ಬರಿಸಿದೆ. ಪಾಲಿನ್ಯಾಗ 'ಹೆಸರು ನಂದೈತಿ, ನಂಬರೂ ನಂದ' ಅಂದ. ಗಿರಾಕಿ ಎಲ್ಲಾ ಅದರ ಬೆನ್ನ ಹತ್ತಿ ಹೋದ್ರು."

ಅವನ ಜೇಬಿನಲ್ಲಿ ಅರ್ಜಿಯ ಹಳೆಯ ಪ್ರತಿ ಇತ್ತು. ಅರ್ಜಿದಾರ ಗಿರಿಮಲ್ಲಪ್ಪ; ಬರಹ ಶಿವಯೋಗಿಯದು. ಅಮಸಿದ್ದಪ್ಪ ಅದನ್ನು ಎರಡು ಸಲ ಓದಿದರು. ಅವನಿಗೂ ಮೋಸವಾಗಿತ್ತು, ಖರೆ. ಆದರೆ ಕಾಯ್ದೆಯಲ್ಲಿ ಅದಕ್ಕೆ ಕಲಂ ಇರಲಿಲ್ಲ. 3-10ಕ್ಕೆ ಬಂಧನವಾಯಿತು.

ಹೊಳೆಪ್ಪ ಪಟ ಎತ್ತಿಕೊಂಡ. "ಇದನ್ನ ಇಲ್ಲೇ ಬಿಡ್ಲೇನ್ರಿ?"

"ಬ್ಯಾಡ, ಒಯ್ಯಿ," ಎಂದರು ಗಿರಿಮಲ್ಲಪ್ಪ. "ಆರು ತಿಂಗಳು ನಾ ಕೈ ಮುಗದದ್ದು ಲಕ್ಷ್ಮಿಗಲ್ಲ, ಈ ತಮ್ಮಗ."